ಐವತ್ತು ಬೀಜ, ಮೂವತ್ತು ಬೀಜ

ಒಂದು ಲೆಕ್ಕ ಕೇಳುತ್ತೇನೆ. ನೆಲದ ಮೇಲೆ ಒಂದು ಕಡೆ 50 ಹುಣಸೆಬೀಜ, ಎದುರಿಗೆ 30. ಒಂದೊಂದು ಬೀಜವೂ ಒಬ್ಬ ಸೈನಿಕ. ಎರಡೂ ಕಡೆಯವರು ಒಂದೇ ಸಮ ಚುರುಕು, ಎಲ್ಲರ ಕೈಯಲ್ಲೂ ಒಂದೇ ಥರದ ಆಯುಧ. ಕೊನೆಯವರೆಗೂ ಕಾದಾಡಿದರೆ 50 ಜನರ ಕಡೆ ಗೆಲ್ಲುತ್ತದೆ ಎಂದು ಯಾರಾದರೂ ಹೇಳಿಯಾರು. ಗೆದ್ದಾಗ ಅವರಲ್ಲಿ ಎಷ್ಟು ಜನ ಉಳಿದಿರುತ್ತಾರೆ?

ಐವತ್ತರಲ್ಲಿ ಮೂವತ್ತು ಹೋದರೆ ಇಪ್ಪತ್ತು ಎಂದಿರಾ? ಸ್ವಲ್ಪ ತಡೆಯಿರಿ. ಕಾಳಗ ಎಲ್ಲಿ ನಡೆಯಿತು ಎಂದು ನನ್ನನ್ನು ಕೇಳಲೇ ಇಲ್ಲವಲ್ಲ! ಬಟಾಬಯಲಿನಲ್ಲಿ ನಡೆದಿದ್ದರೆ 40 ಜನ ಉಳಿಯುತ್ತಾರೆ. ಕೋಟೆಯ ಇಕ್ಕಟ್ಟಾದ ಬಾಗಿಲಲ್ಲಿ ನಡೆದಿದ್ದರೆ 20. ಕಾಡಿನ ಕಣಿವೆಯಲ್ಲಿ ಆ ಮೂವತ್ತು ಮಂದಿ ಹೊಂಚು ಹಾಕಿ ಕೂತಿದ್ದರೆ ಐವತ್ತು ಮಂದಿಯೂ ಸೋತುಹೋಗಬಹುದು.

ಹಳೆಯ ಕಾಲದ ಯುದ್ಧಗಳನ್ನು ಹಲಗೆಯ ಮೇಲೋ ಕಂಪ್ಯೂಟರಿನಲ್ಲೋ ಆಡಿಸುವ ಆಟಗಳನ್ನು ನಿಮ್ಮಲ್ಲಿ ಕೆಲವರು ಆಡಿರುತ್ತೀರಿ. ಕೋಟೆಗೆ ಮುತ್ತಿಗೆ ಹಾಕುವುದು, ಮರಗಳ ಮರೆಯಲ್ಲಿ ದಂಡನ್ನು ಬಚ್ಚಿಡುವುದು ಎಲ್ಲ ಅದರಲ್ಲಿದೆ. ಅಂಥ ಆಟವನ್ನು ಕಟ್ಟುವವರ ತಲೆನೋವೇ ಇದು: ಅದೇ ಐವತ್ತು, ಅದೇ ಮೂವತ್ತು, ಆದರೆ ಜಾಗ ಬದಲಾದಂತೆ ಉತ್ತರವೂ ಬದಲಾಗುವ ಹಾಗೆ ನಿಯಮ ಬರೆಯಬೇಕು. ಅದಕ್ಕೆ ಬೇಕಾಗುವುದು ನಿಮ್ಮ ಶಾಲೆಯ ಗಣಿತವೇ.

ಬಯಲಿನ ಲೆಕ್ಕದಿಂದ ಶುರು ಮಾಡೋಣ. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರ್ ಇದ್ದ. ಕಾರು ತಯಾರಿಸುವುದು ಅವನ ಕೆಲಸ, ವಿಮಾನಗಳೆಂದರೆ ಹುಚ್ಚು. ಯುದ್ಧದಲ್ಲಿ ವಿಮಾನಗಳನ್ನು ಹೇಗೆ ಬಳಸುತ್ತಾರೆ ಎಂದು ಯೋಚಿಸುತ್ತ 1914ರಲ್ಲಿ ಅವನು ಒಂದು ಸೂತ್ರ ಬರೆದ, 1916ರಲ್ಲಿ ಅದು ಪುಸ್ತಕದಲ್ಲಿ ಬಂತು. ಅವನು ಹೇಳಿದ್ದು ಇಷ್ಟು. ಬಯಲಿನಲ್ಲಿ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ, ಯಾರು ಯಾರಿಗೆ ಬೇಕಾದರೂ ಗುರಿಯಿಡಬಹುದು. ಆಗ ಹೆಚ್ಚು ಜನರಿರುವ ಕಡೆಗೆ ಲಾಭ ಎರಡು ಸಲ ಸಿಗುತ್ತದೆ. ಅವರಿಂದ ಹೊರಡುವ ಏಟು ಹೆಚ್ಚು, ಅದು ಒಂದು. ಅವರ ಮೇಲೆ ಬೀಳುವ ಏಟು ಹೆಚ್ಚು ಜನರಲ್ಲಿ ಹಂಚಿಹೋಗುತ್ತದೆ, ಅದು ಎರಡು. ಎರಡು ಸಲ ಸಿಗುವ ಲಾಭವನ್ನು ಎರಡು ಸಲ ಗುಣಿಸಬೇಕು. ಹಾಗಾಗಿ ದಂಡಿನ ಬಲವೆಂದರೆ ತಲೆಯೆಣಿಕೆಯ ವರ್ಗ.

50ರ ವರ್ಗ 2500. 30ರ ವರ್ಗ 900. ಕಳೆದರೆ 1600. ಯಾವ ಸಂಖ್ಯೆಯ ವರ್ಗ 1600? ನಲವತ್ತು. ಅಂದರೆ ಮೂವತ್ತು ಜನರನ್ನು ಮುಗಿಸಲು ಐವತ್ತು ಜನರ ದಂಡು ಬರೀ ಹತ್ತು ಮಂದಿಯನ್ನು ಕಳೆದುಕೊಂಡಿತು. 1805ರ ಟ್ರಫಾಲ್ಗರ್ ಸಮುದ್ರಯುದ್ಧದಲ್ಲಿ ಬ್ರಿಟಿಷ್ ನೌಕಾಪತಿ ನೆಲ್ಸನ್ ಹೂಡಿದ್ದ ಉಪಾಯವನ್ನೂ ಲ್ಯಾಂಚೆಸ್ಟರ್ ಇದೇ ಸೂತ್ರದಲ್ಲಿ ತೂಗಿ ನೋಡಿದ್ದಾನೆ.

ಈಗ ಆ ಮೂವತ್ತು ಜನರನ್ನು ಕೋಟೆಯೊಳಗೆ ಕೂರಿಸಿ. ಬಾಗಿಲು ಒಬ್ಬ ಹೋಗುವಷ್ಟೇ ಅಗಲ. ಸಂಜೆ ಸ್ಕೂಲು ಬಿಟ್ಟಾಗ ಸಿಟಿ ಬಸ್ಸಿನ ಬಾಗಿಲು ನೆನೆಸಿಕೊಳ್ಳಿ: ಕೆಳಗೆ ಐವತ್ತು ಜನ ನೂಕಾಡುತ್ತಿದ್ದರೂ ಮೆಟ್ಟಿಲ ಮೇಲೆ ಕಾಲಿಡುವವನು ಒಬ್ಬನೇ. ಹಿಂದೆ ನಿಂತ 49 ಜನರ ಕೈ ಉದ್ದವಾಗುವುದಿಲ್ಲ. ಒಬ್ಬನಿಗೆ ಒಬ್ಬ ಎದುರಾದಾಗ ಇಬ್ಬರಿಗೂ ಸಮಾನ ಅವಕಾಶ, ಆದ್ದರಿಂದ ಸರಾಸರಿಯಲ್ಲಿ ಆ ಕಡೆ ಒಬ್ಬ ಬಿದ್ದರೆ ಈ ಕಡೆಯೂ ಒಬ್ಬ. ಮೂವತ್ತು ಜನ ಮುಗಿಯುವ ಹೊತ್ತಿಗೆ ಹೊರಗಿನವರಲ್ಲೂ ಮೂವತ್ತು ಜನ ಹೋಗಿ 20 ಮಿಕ್ಕರು. ನೀವು ಮೊದಲು ಹೇಳಿದ ಸಾದಾ ಕಳೆಯುವ ಲೆಕ್ಕ ಇಲ್ಲಿಗೆ ಸರಿ. ಕೋಟೆಯಿಂದಾಗಿ ಒಳಗಿನವರ ಸಂಖ್ಯೆ ಒಂದೂ ಹೆಚ್ಚಲಿಲ್ಲ. ಹೊರಗಿನವರಲ್ಲಿ ಏಕಕಾಲಕ್ಕೆ ಕಾದಾಡಬಲ್ಲವರು ಕಡಿಮೆಯಾದರು, ಅಷ್ಟೆ.

ಜಾಣ ಸೇನಾಪತಿ ಹಾಗಿದ್ದರೆ ಆ ಬಾಗಿಲಿಗೆ ಬರುವುದೇ ಇಲ್ಲ. ದೂರದಲ್ಲಿ ಡೇರೆ ಹಾಕಿ ಕೂರುತ್ತಾನೆ. ಮುತ್ತಿಗೆ ಎಂದರೆ ಅದೇ. ಅಲ್ಲಿ ಕತ್ತಿಗಿಂತ ಕ್ಯಾಲೆಂಡರಿಗೆ ಕೆಲಸ ಹೆಚ್ಚು.

ಮುತ್ತಿಗೆಯ ಆಟಗಳನ್ನು ಕಟ್ಟುವವರಿಗೆ ಬಹಳ ಪ್ರಿಯವಾದ ಒಂದು ನಿಜವಾದ ಮುತ್ತಿಗೆಯಿದೆ, ಅಲೇಸಿಯದ್ದು. ಕ್ರಿ.ಪೂ. 52ರಲ್ಲಿ, ಇಂದಿನ ಫ್ರಾನ್ಸಿನಲ್ಲಿ ನಡೆದದ್ದು. ಆಗ ಆ ನಾಡಿಗೆ ಗಾಲ್ ಎಂದು ಹೆಸರು. ಗಾಲ್ ಜನರ ನಾಯಕ ವರ್ಸಿಂಜೆಟೊರಿಕ್ಸ್ ತನ್ನ ಸೈನ್ಯದೊಂದಿಗೆ ಗುಡ್ಡದ ಮೇಲಿನ ಅಲೇಸಿಯ ಊರನ್ನು ಸೇರಿಕೊಂಡ. ರೋಮಿನ ಜೂಲಿಯಸ್ ಸೀಸರ್ ಸುತ್ತುವರಿದ. ಒಳಗೆ 80,000 ಸೈನಿಕರು, ಕಷ್ಟಪಟ್ಟರೆ 30 ದಿನಕ್ಕಾಗುವಷ್ಟು ಧಾನ್ಯ ಎಂದು ಸೀಸರನೇ ಬರೆದಿಟ್ಟಿದ್ದಾನೆ. ಗೆದ್ದವನು ಬರೆದ ಲೆಕ್ಕ, ಸ್ವಲ್ಪ ಉಬ್ಬಿಸಿದ್ದರೂ ಉಬ್ಬಿಸಿರಬಹುದು. ನಮ್ಮ ಗಣಿತಕ್ಕೆ ಅಡ್ಡಿಯಿಲ್ಲ.

80,000 ಜನ, 30 ದಿನ. ಗುಣಿಸಿದರೆ 24 ಲಕ್ಷ ಪಾಲು. ಒಬ್ಬನಿಗೆ ದಿನಕ್ಕೆ ಅರ್ಧ ಪಾಲು ಕೊಟ್ಟರೆ 60 ದಿನ ಎಳೆಯಬಹುದು, ಆದರೆ ಅರ್ಧ ಹೊಟ್ಟೆಯವನ ತೋಳಲ್ಲಿ ಪೂರ್ತಿ ಬಲವಿರುವುದಿಲ್ಲ. ಹತ್ತು ಸಾವಿರ ಜನರನ್ನು ಹೊರಗೆ ಕಳಿಸಿಬಿಟ್ಟರೆ? 24 ಲಕ್ಷವನ್ನು 70,000ದಿಂದ ಭಾಗಿಸಿ. 34 ದಿನ. ಸಿಕ್ಕಿದ್ದು ನಾಲ್ಕೇ ದಿನ, ಹೋದದ್ದು ಹತ್ತು ಸಾವಿರ ಜನ. ಮುತ್ತಿಗೆಯ ಆಟದಲ್ಲಿ ಕೋಟೆಯೊಳಗಿನ ಆಟಗಾರ ಪ್ರತಿ ಸರದಿಯಲ್ಲೂ ಲೆಕ್ಕ ಹಾಕುತ್ತ ಕೂರುವುದು ಇದನ್ನೇ. ‘ರೋಮ್: ಟೋಟಲ್ ವಾರ್’ ಎಂಬ 2004ರ ಕಂಪ್ಯೂಟರ್ ಆಟದಲ್ಲಿ ಊರನ್ನು ಸುತ್ತುವರಿದ ಕೂಡಲೇ ಅದು ಇನ್ನೆಷ್ಟು ಸರದಿ ತಾಳುತ್ತದೆ ಎಂಬ ಸಂಖ್ಯೆ ಪರದೆಯ ಮೇಲೆ ಕಾಣುತ್ತದೆ. ಅದು ಸೊನ್ನೆಯಾದರೆ ಊರು ಶರಣು. ಅಷ್ಟರಲ್ಲಿ ಹೊರಗಿನವನು ಏಣಿ, ದಿಮ್ಮಿ, ಮರದ ಗೋಪುರ ಮಾಡಿಕೊಳ್ಳುತ್ತಿರುತ್ತಾನೆ.

ಅಲೇಸಿಯದಲ್ಲಿ ನಿಜಕ್ಕೂ ಜನರನ್ನು ಹೊರಗೆ ಕಳಿಸಿದರು. ಆ ಊರಿನದೇ ಜನ, ಹೆಂಗಸರು, ಮಕ್ಕಳು. ಸೀಸರ್ ಅವರಿಗೆ ದಾರಿ ಬಿಡಲಿಲ್ಲ. ಒಳಗೂ ಇಲ್ಲ, ಹೊರಗೂ ಇಲ್ಲ ಎಂಬಂತೆ ಅವರು ನಡುವೆ ಸಿಕ್ಕಿಕೊಂಡರು. ಸಾಮಾನ್ಯವಾಗಿ ಇಂಥ ಆಟಗಳ ಪೆಟ್ಟಿಗೆಯಲ್ಲಿ ಅವರ ಪಾಲಿಗೆ ಒಂದು ಕಾಯಿಯೂ ಇರುವುದಿಲ್ಲ. ಆಟ ಚೊಕ್ಕವಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ಯಾವ ಮಾದರಿಯನ್ನು ನೋಡಿದರೂ ಇದರಲ್ಲಿ ಏನನ್ನು ಬಿಟ್ಟಿದ್ದಾರೆ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ವಿಜ್ಞಾನಿಗಳು ಮಾಡುವುದೂ ಅದನ್ನೇ.

ಇನ್ನು ಸುತ್ತುವರಿದವನ ಕಷ್ಟ ನೋಡಿ. ಸೀಸರ್ ಊರಿನ ಸುತ್ತ 11 ರೋಮನ್ ಮೈಲಿ ಉದ್ದದ ತಡೆಗೋಡೆ ಕಟ್ಟಿಸಿದ. ಒಂದು ರೋಮನ್ ಮೈಲಿ ಎಂದರೆ ಸುಮಾರು ಒಂದೂವರೆ ಕಿಲೋಮೀಟರು, ಹಾಗಾಗಿ 16 ಕಿಲೋಮೀಟರು ಚಿಲ್ಲರೆ. ಅಷ್ಟರಲ್ಲಿ ಒಳಗಿನವರನ್ನು ಬಿಡಿಸಲು ಹೊರಗಿನಿಂದ ಇನ್ನೊಂದು ದೊಡ್ಡ ಸೈನ್ಯ ಹೊರಡುವ ಸುದ್ದಿ ಬಂತು. ತನ್ನ ಬೆನ್ನ ಹಿಂದೆ, ಹೊರಮುಖವಾಗಿ, 14 ಮೈಲಿಯ ಎರಡನೇ ಗೋಡೆ ಕಟ್ಟಿಸಿದ. ಅದು ಸುಮಾರು 21 ಕಿಲೋಮೀಟರು. ಮುತ್ತಿಗೆ ಹಾಕಿದವನೇ ಎರಡು ಗೋಡೆಗಳ ನಡುವೆ ಮುತ್ತಿಗೆಗೆ ಸಿಕ್ಕಂತಾಯಿತು! 1970ರ ದಶಕದಲ್ಲಿ ಅಮೆರಿಕದ ಅವಲಾನ್ ಹಿಲ್ ಕಂಪನಿ ಅಲೇಸಿಯದ ಮೇಲೆ ಹಲಗೆಯಾಟ ಹೊರತಂದಿತು. ಅದರ ಸ್ವಾರಸ್ಯವೆಲ್ಲ ಈ ಎರಡು ಬಳೆಗಳಲ್ಲಿದೆ.

ಎರಡೂ ಸೇರಿ 37 ಕಿಲೋಮೀಟರು. ಸೀಸರನ ಬಳಿ 50,000 ಜನ ಇದ್ದರು ಎಂದು ಲೆಕ್ಕಕ್ಕೆ ಹಿಡಿಯೋಣ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಮೂರು ಮೀಟರಿಗೆ ನಾಲ್ಕು ಜನ. ಯಾರೂ ನಿದ್ದೆ ಮಾಡುವ ಹಾಗಿಲ್ಲ, ಉಣ್ಣುವ ಹಾಗಿಲ್ಲ. ಒಳಗಿನವನಿಗೆ ಅಷ್ಟು ಹರಡಿಕೊಳ್ಳುವ ಅಗತ್ಯವಿಲ್ಲ. ಎಲ್ಲೋ ಒಂದು ಕಡೆ ಹತ್ತು ಸಾವಿರ ಜನರನ್ನು ಕೂಡಿಸಿ ನುಗ್ಗಿಸಿದರೆ ಸಾಕು, ಅಲ್ಲಿ ಆ ಹೊತ್ತಿಗೆ ಅವನದೇ ಮೇಲುಗೈ. ಬಳೆ ದೊಡ್ಡದಾದಷ್ಟೂ ತೆಳುವಾಗುತ್ತದೆ. ವೃತ್ತದ ತ್ರಿಜ್ಯ ಇಮ್ಮಡಿಯಾದರೆ ಸುತ್ತಳತೆಯೂ ಇಮ್ಮಡಿ ಎಂದು ಪಾಠದಲ್ಲಿ ಓದುತ್ತೀರಲ್ಲ, ಸೀಸರನ ಚಿಂತೆ ಅದೇ ಆಗಿತ್ತು.

ಅವನು ಕಂಡುಕೊಂಡ ಉಪಾಯ, ನುಗ್ಗಿ ಬರುವವರನ್ನು ನಿಧಾನ ಮಾಡುವುದು. ಗೋಡೆಯ ಮುಂದೆ ಕಂದಕ ತೋಡಿಸಿದ. ಅದರ ಮುಂದೆ ಸಾಲು ಸಾಲು ಗುಂಡಿ, ಒಂದೊಂದರಲ್ಲೂ ಚೂಪು ಮಾಡಿದ ಗೂಟ, ಮೇಲೆ ಸೊಪ್ಪುಸದೆ ಮುಚ್ಚಿಗೆ. 1860ರ ದಶಕದಲ್ಲಿ ಫ್ರಾನ್ಸಿನ ದೊರೆ ಮೂರನೇ ನೆಪೋಲಿಯನ್ ಆಲೀಸ್ ಸೇಂಟ್ ರೇನ್ ಎಂಬ ಊರಿನಲ್ಲಿ ಅಗೆಸಿದಾಗ ಆ ಕಂದಕಗಳ ಗುರುತು ಸಿಕ್ಕಿತು. ಹಲಗೆಯಾಟದಲ್ಲಿ ಇಂಥ ಗುಂಡಿಗಳನ್ನು ನಡಿಗೆಯ ಲೆಕ್ಕವಾಗಿ ಬರೆಯುತ್ತಾರೆ. ಒಂದು ಕಾಯಿಗೆ ಒಂದು ಸರದಿಯಲ್ಲಿ ನಾಲ್ಕು ಹೆಜ್ಜೆ ಅನ್ನಿ. ಬಯಲಿನ ಮನೆಗೆ ಒಂದು ಹೆಜ್ಜೆ ಖರ್ಚು, ಗುಂಡಿಯ ಮನೆಗೆ ಮೂರು. ನಾಲ್ಕು ಮನೆ ಓಡಬೇಕಿದ್ದವನು ಗುಂಡಿಯೊಂದನ್ನು ದಾಟಿ ಮುಂದೊಂದು ಮನೆ ಹೋಗುವಷ್ಟರಲ್ಲಿ ಸುಸ್ತು. ಅಷ್ಟು ಹೊತ್ತಿಗೆ ಸೀಸರನ ಕಡೆಯವರು ಅಕ್ಕಪಕ್ಕದಿಂದ ಓಡಿಬಂದು ಸೇರಿಕೊಳ್ಳುತ್ತಾರೆ. ಕೊನೆಗೆ ಬಿಡಿಸಲು ಬಂದ ಸೈನ್ಯ ಸೋತು ಹೋಯಿತು, ವರ್ಸಿಂಜೆಟೊರಿಕ್ಸ್ ಶರಣಾದ.

ಹೊಂಚುದಾಳಿಗೆ ಬರೋಣ. ನನಗೆ ಮುತ್ತಿಗೆಗಿಂತ ಇದರ ಗಣಿತ ಇಷ್ಟ, ಏಕೆಂದರೆ ಇಲ್ಲಿ ಚಿಕ್ಕ ಸಂಖ್ಯೆ ದೊಡ್ಡ ಸಂಖ್ಯೆಯನ್ನು ಸೋಲಿಸುತ್ತದೆ.

ಐವತ್ತು ಜನ ಕಣಿವೆಯ ಕಾಲುದಾರಿಯಲ್ಲಿ ಉದ್ದಕ್ಕೆ ಚದುರಿ ಹೋಗುತ್ತಿದ್ದಾರೆ. ಹತ್ತತ್ತು ಜನರ ಐದು ಗುಂಪು, ಒಂದು ಗುಂಪಿಗೆ ಇನ್ನೊಂದು ಕಾಣುವುದಿಲ್ಲ. ಪೊದೆಯ ಹಿಂದಿರುವ ಮೂವತ್ತು ಜನ ಒಂದೊಂದೇ ಗುಂಪಿನ ಮೇಲೆ ಬೀಳುತ್ತಾರೆ. ಲ್ಯಾಂಚೆಸ್ಟರನ ಸೂತ್ರ ತೆಗೆಯಿರಿ. ಮೂವತ್ತರ ವರ್ಗ 900. ಹತ್ತರ ವರ್ಗ 100. ಮೊದಲ ಗುಂಪು ಮುಗಿದಾಗ 800 ಉಳಿಯಿತು, ಎರಡನೆಯದಕ್ಕೆ 700, ಆಮೇಲೆ 600, 500, ಐದನೆಯದು ಮುಗಿದಾಗ 400. ನಾನೂರು ಯಾವುದರ ವರ್ಗ? ಇಪ್ಪತ್ತರದು. ಮೂವತ್ತು ಜನ ಐವತ್ತು ಜನರನ್ನು ಸೋಲಿಸಿ, ತಮ್ಮಲ್ಲಿ ಇಪ್ಪತ್ತು ಜನರನ್ನು ಉಳಿಸಿಕೊಂಡರು! ಒಟ್ಟಾಗಿ ನಿಂತಾಗ 2500 ಇದ್ದ ಬಲ ಐದು ತುಂಡಾದಾಗ ಐದು ನೂರು, ಅಂದರೆ 500ಕ್ಕೆ ಇಳಿದಿತ್ತು.

ಕ್ರಿ.ಪೂ. 217ರಲ್ಲಿ ಇಟಲಿಯ ಟ್ರಾಸಿಮೀನೊ ಸರೋವರದ ದಡದಲ್ಲಿ ಹೀಗೇ ಉದ್ದಕ್ಕೆ ಸಾಗುತ್ತಿದ್ದ ದಂಡೊಂದು ಹೊಂಚಿಗೆ ಸಿಕ್ಕಿತು. ಒಂದು ಕಡೆ ನೀರು, ಇನ್ನೊಂದು ಕಡೆ ಗುಡ್ಡ, ನಡುವೆ ಇಕ್ಕಟ್ಟಾದ ದಾರಿ. ರೋಮಿನ ಶತ್ರುರಾಜ್ಯ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ರಾತ್ರಿಯಲ್ಲೇ ತನ್ನ ಜನರನ್ನು ಗುಡ್ಡದ ಮರೆಗೆ ಸೇರಿಸಿದ್ದ. ಬೆಳಗಿನ ಹೊತ್ತು ಸರೋವರದಿಂದ ಮಂಜೆದ್ದಿತ್ತು. ರೋಮಿನ ಸೇನಾನಿ ಫ್ಲಮೀನಿಯಸ್ ಮುಂದೆ ಬೇಹುಗಾರರನ್ನು ಕಳಿಸಿ ನೋಡಿಸದೆ ದಂಡನ್ನು ಉದ್ದಕ್ಕೆ ನಡೆಸಿಕೊಂಡು ಬಂದ. ಸುಮಾರು 15,000 ರೋಮನ್ನರು ಸತ್ತರು, ಫ್ಲಮೀನಿಯಸನೂ ಉಳಿಯಲಿಲ್ಲ. ಕಾದಾಟದ ಗದ್ದಲದಲ್ಲಿ ಆ ಹೊತ್ತಿಗೇ ಆದ ಭೂಕಂಪ ಯಾರ ಗಮನಕ್ಕೂ ಬರಲಿಲ್ಲವೆಂದು ಲಿವಿ ಎಂಬ ಇತಿಹಾಸಕಾರ ಬರೆದಿದ್ದಾನೆ.

ಆದರೆ ಇದನ್ನು ಹಲಗೆಯ ಮೇಲೆ ಆಡಿಸುವುದು ಹೇಗೆ? ಚದುರಂಗದಲ್ಲಿ ನಿಮ್ಮ ಕುದುರೆಯನ್ನು ಎಲ್ಲಿಟ್ಟರೂ ಎದುರಿನವನಿಗೆ ಕಾಣುತ್ತದೆ. ಕಾಣುವ ಹೊಂಚು ಹೊಂಚೇ ಅಲ್ಲ. ಈ ತೊಡಕನ್ನು ಚೆನ್ನಾಗಿ ಬಿಡಿಸಿದವನು ಪ್ರಷ್ಯಾದ ಫಿರಂಗಿದಳದಲ್ಲಿದ್ದ ರೈಸ್ವಿಟ್ಜ್ ಎಂಬ ತರುಣ ಅಧಿಕಾರಿ. ಪ್ರಷ್ಯಾ ಎಂದರೆ ಇಂದಿನ ಜರ್ಮನಿಯ ಸಾಕಷ್ಟು ಭಾಗ ಸೇರಿದ್ದ ಹಳೆಯ ರಾಜ್ಯ. ಅವನ ಅಪ್ಪ 1812ರಲ್ಲಿ ದೊರೆಗೆ ಒಂದು ಯುದ್ಧದಾಟದ ಮೇಜನ್ನೇ ಮಾಡಿಕೊಟ್ಟಿದ್ದ. ಮಗ 1824ರಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿದ. ಆಟದ ಹೆಸರು ಕ್ರೀಗ್‌ಷ್ಪೀಲ್. ಅದರಲ್ಲಿ ಚೌಕದ ಮನೆಗಳಿಲ್ಲ, ನಿಜವಾದ ಭೂಪಟವಿದೆ. ಭೂಪಟದ ಅಳತೆ 1:8000, ಅಂದರೆ ಪಟದ ಒಂದು ಸೆಂಟಿಮೀಟರು ನೆಲದ ಮೇಲೆ 80 ಮೀಟರು. ಒಂದು ಸರದಿ ಎಂದರೆ ಎರಡು ನಿಮಿಷದ ಕಾಲ. ಇಬ್ಬರು ಆಟಗಾರರ ನಡುವೆ ಮೂರನೆಯವನೊಬ್ಬ ಅಂಪೈರ್. ಆಟಗಾರರು ಕಾಯಿ ಮುಟ್ಟುವಂತಿಲ್ಲ. ನನ್ನ ದಂಡು ಇಲ್ಲಿಗೆ ಹೋಗಲಿ ಎಂದು ಚೀಟಿಯಲ್ಲಿ ಬರೆದು ಅಂಪೈರಿಗೆ ಕೊಡಬೇಕು. ಎದುರಾಳಿಗೆ ಕಾಣುವಂತಿದ್ದರೆ ಮಾತ್ರ ಅವನು ಆ ದಂಡಿನ ಕಾಯಿಯನ್ನು ಪಟದ ಮೇಲಿಡುತ್ತಾನೆ. ಕಾಡಿನ ಮರೆಯಲ್ಲಿದ್ದರೆ ಅದು ಅಂಪೈರಿನ ತಲೆಯಲ್ಲಿ ಮಾತ್ರ ಇರುತ್ತದೆ.

ಈಗ ಆ ಅಂಪೈರಿನ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಯಾರು ಯಾರಿಗೆ ಕಾಣುತ್ತಾರೆ ಎಂದು ಅದಕ್ಕೆ ಹೇಗೆ ಗೊತ್ತು? ಗ್ರಾಫ್ ಹಾಳೆ ತೆಗೆದುಕೊಳ್ಳಿ. ಎಡತುದಿಯಲ್ಲಿ 20 ಮೀಟರ್ ಎತ್ತರದ ಬುರುಜಿನ ಮೇಲೆ ಬೇಹುಗಾರನ ಕಣ್ಣು. 200 ಮೀಟರ್ ದೂರದಲ್ಲಿ ನೆಲಕ್ಕಂಟಿ ಮಲಗಿದ ಶತ್ರು. ಸರಿಯಾಗಿ ಮಧ್ಯದಲ್ಲಿ 12 ಮೀಟರ್ ಎತ್ತರದ ದಿಬ್ಬ. ಕಣ್ಣಿನಿಂದ ಶತ್ರುವಿಗೆ ನೇರ ಗೆರೆ ಎಳೆಯಿರಿ. ಮಧ್ಯದಲ್ಲಿ ಆ ಗೆರೆ 10 ಮೀಟರ್ ಎತ್ತರದಲ್ಲಿರುತ್ತದೆ, ದಿಬ್ಬ 12. ಗೆರೆ ದಿಬ್ಬಕ್ಕೆ ಬಡಿಯಿತು, ಶತ್ರು ಕಾಣಲಿಲ್ಲ. ಬೇಹುಗಾರ 30 ಮೀಟರಿಗೆ ಏರಲಿ. ಗೆರೆ ಮಧ್ಯದಲ್ಲಿ 15 ಮೀಟರಿನಲ್ಲಿ ಹಾದುಹೋಗುತ್ತದೆ, ಹೊಂಚು ಬಯಲಾಯಿತು. ಗೆರೆ ಯಾವ ಯಾವ ಚೌಕಗಳ ಮೇಲೆ ಹಾಯುತ್ತದೆ ಎಂದು ಚಕಚಕನೆ ಲೆಕ್ಕ ಹಾಕುವ ಒಂದು ವಿಧಾನವನ್ನು ಐಬಿಎಂ ಕಂಪನಿಯಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ರೂಪಿಸಿದ. ಕಾಗದದ ಮೇಲೆ ಗೆರೆ ಬಿಡಿಸುವ ಯಂತ್ರಕ್ಕೆಂದು ಮಾಡಿದ್ದು ಅದು. ಆಟಗಳಲ್ಲಿ ಕಣ್ಣಿನ ಗೆರೆ ಎಳೆಯಲೂ ಒದಗಿತು.

ಬಚ್ಚಿಟ್ಟುಕೊಂಡವನಿಗೆ ಇನ್ನೊಂದು ಅಪಾಯವಿದೆ, ಕಾಯುವುದು. ಪ್ರತಿ ಸರದಿಗೆ ಎದುರಾಳಿ ದಾಳ ಹಾಕುತ್ತಾನೆ, ಆರು ಬಿದ್ದರೆ ನೀವು ಸಿಕ್ಕಿಬಿದ್ದಿರಿ ಎಂದು ನಿಯಮವಿರಲಿ. ಒಂದು ಸರದಿ ಪಾರಾಗುವ ಸಾಧ್ಯತೆ ಆರರಲ್ಲಿ ಐದು. ಚೆನ್ನಾಗಿದೆ ಅನ್ನಿಸುತ್ತದೆ. ನಾಲ್ಕು ಸರದಿ ಕಾದರೆ? ಐದನ್ನು ನಾಲ್ಕು ಸಲ ಗುಣಿಸಿದರೆ 625, ಆರನ್ನು ನಾಲ್ಕು ಸಲ ಗುಣಿಸಿದರೆ 1296. ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಇನ್ನೂ ದೊಡ್ಡ ದಂಡು ಬರಲಿ ಎಂದು ಆಸೆಪಟ್ಟು ಕೂತವನು ಸಿಕ್ಕಿಬೀಳುವ ಸಾಧ್ಯತೆಯೇ ಹೆಚ್ಚು.

ಇದನ್ನೆಲ್ಲ ನಂಬಬೇಡಿ, ಆಡಿ ನೋಡಿ. ಹುಣಸೆಬೀಜ, ಒಂದು ದಾಳ ಸಾಕು. ಬಯಲಿನ ಕಾಳಗಕ್ಕೆ ಪ್ರತಿ ಸುತ್ತಿನಲ್ಲೂ ಎರಡೂ ಕಡೆ ಬದುಕಿರುವ ಪ್ರತಿ ಬೀಜಕ್ಕೂ ಒಮ್ಮೆ ದಾಳ ಹಾಕಿ. ಆರು ಬಿದ್ದಷ್ಟು ಬೀಜ ಎದುರಿನ ಕಡೆಯಿಂದ ಔಟ್. ಕೈ ನೋಯುತ್ತದೆ, ಗೆಳೆಯರನ್ನು ಕೂಡಿಸಿಕೊಳ್ಳಿ. ಬಾಗಿಲ ಕಾಳಗಕ್ಕೆ ಜೋಡಿಗೊಂದೇ ದಾಳ: 1, 2, 3 ಬಿದ್ದರೆ ಒಳಗಿನವನು ಹೋದ, 4, 5, 6 ಬಿದ್ದರೆ ಹೊರಗಿನವನು. ಹೊಂಚುದಾಳಿಗೆ ಹತ್ತರ ಐದು ಗುಂಪು ಮಾಡಿ ಬಯಲಿನ ನಿಯಮದಲ್ಲೇ ಒಂದೊಂದಾಗಿ ಆಡಿ. ಬಯಲಿನಲ್ಲೂ ಹೊಂಚಿನಲ್ಲೂ ನಿಮ್ಮ ಉತ್ತರ ಸೂತ್ರದ ಉತ್ತರಕ್ಕಿಂತ ಕೊಂಚ ಕಡಿಮೆ ಬರುವುದು ಸಹಜ. ಹೊಂಚುದಾಳಿಯಲ್ಲಿ 20ರ ಬದಲು 15ರ ಹತ್ತಿರ ಬಂದರೂ ಅಚ್ಚರಿಯಿಲ್ಲ. ದಾಳದ ಆಟದಲ್ಲಿ ಒಂದು ಸುತ್ತಿನಲ್ಲಿ ಸಾಯುವವನೂ ಆ ಸುತ್ತಿನ ತನ್ನ ಏಟು ಹಾಕಿಯೇ ಸಾಯುತ್ತಾನೆ, ಸೂತ್ರದಲ್ಲಿ ಹಾಗಿಲ್ಲ. ಜೊತೆಗೆ ದಾಳಕ್ಕೆ ತನ್ನದೇ ಹಟವಿರುತ್ತದೆ. ಒಂದು ಸಲ ಆಡಿ ಬಿಡಬೇಡಿ, ಹತ್ತು ಸಲ ಆಡಿ ಸರಾಸರಿ ತೆಗೆಯಿರಿ.

ದಾಳವೂ ಬೇಡ ಎನ್ನುವವರಿಗೆ ನಮ್ಮಲ್ಲೇ ಆಡು ಹುಲಿ ಆಟವಿದೆ. ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಅದರ ಗೆರೆಗಳನ್ನು ನೋಡಿರಬಹುದು. ಒಂದು ಬಗೆಯಲ್ಲಿ ಮೂರು ಹುಲಿ, ಹದಿನೈದು ಆಡು. ಆಡಿಗೆ ಹುಲಿಯನ್ನು ಕೊಲ್ಲಲಾಗದು, ಸುತ್ತುಗಟ್ಟಿ ಅಲುಗದಂತೆ ಮಾಡಬಹುದು. ಪೂರ್ತಿ ಮುತ್ತಿಗೆಯ ಆಟ.

ಅದರ ದೂರದ ನೆಂಟನಂತಿರುವ ಆಟವೊಂದನ್ನು 1732ರಲ್ಲಿ ಯುರೋಪಿನ ಉತ್ತರದ ತುದಿಯ ಲ್ಯಾಪ್‌ಲ್ಯಾಂಡಿನಲ್ಲಿ 25 ವರ್ಷದ ತರುಣನೊಬ್ಬ ಕಂಡು ತನ್ನ ದಿನಚರಿಯಲ್ಲಿ ಬರೆದಿಟ್ಟ. ಅವನು ಕಾರ್ಲ್ ಲಿನೇಯಸ್. ನಮ್ಮ ಮಾವಿನ ಮರಕ್ಕೆ ಮ್ಯಾಂಜಿಫೆರಾ ಇಂಡಿಕಾ ಎಂಬ ವೈಜ್ಞಾನಿಕ ಹೆಸರಿಟ್ಟವನೂ ಅವನೇ. ಆಟದ ಹೆಸರು ಟ್ಯಾಬ್ಲುಟ್. ಒಂಬತ್ತಕ್ಕೆ ಒಂಬತ್ತು ಮನೆ. ನಟ್ಟನಡುವೆ ರಾಜ, ಅವನ ಸುತ್ತ ಎಂಟು ಕಾವಲುಗಾರರು. ನಾಲ್ಕು ಅಂಚಿನ ಮಧ್ಯಭಾಗದಲ್ಲಿ ನಾಲ್ಕು ನಾಲ್ಕರಂತೆ ಹದಿನಾರು ಮುತ್ತಿಗೆಗಾರರು. ಎಲ್ಲ ಕಾಯಿಗಳೂ ಚದುರಂಗದ ಆನೆಯಂತೆ ನೇರ ನಡೆಯುತ್ತವೆ. ಎದುರಾಳಿಯ ಕಾಯಿಯನ್ನು ಎರಡು ಕಡೆಯಿಂದ ಅಡಕಿದರೆ ಅದು ಹೋಯಿತು. ರಾಜ ನಡುಮನೆಯಲ್ಲಿದ್ದರೆ ನಾಲ್ಕೂ ಕಡೆ ಮುಚ್ಚಬೇಕು. ಅವನು ಹಲಗೆಯ ಅಂಚು ಮುಟ್ಟಿದರೆ ಗೆದ್ದ. ಹಾಳೆಯಲ್ಲಿ ಚೌಕ ಗೀಚಿಕೊಂಡು ಇವತ್ತೇ ಆಡಿ, ಮೊದಲ ಆಟದಲ್ಲಿ ಒಂಬತ್ತು ಜನರ ಕಡೆಯನ್ನು ನೀವು ತೆಗೆದುಕೊಳ್ಳಿ.